ತಿಪ್ಪಿ ಹೊಂಡದ ಮ್ಯಾಲ ಹಾಕಬ್ಯಾಡ್ರಿ

ಕೃಷಿ ಹೊಂಡದ ರಾಡಿ ಕೋಲಿನಿಂದ ಕೆದಕಿದ್ರ ಗುಳ್ಳಿ ಏಳ್ತಾವಲ್ರಿ, ಅದರಾಗ ಮೀಥೇನ್ ಇರ್ತದ. 1776ರಾಗೇ ಇಟಲಿಯ ವೋಲ್ಟಾ ಸರೋವರದ ರಾಡಿ ಕೆದಕಿ ಈ ಗ್ಯಾಸ್ ಹಿಡಿದು ಉರಿಸಿ ನೋಡಿದ್ದ. ಮಳಿಗಿ ಹರಕೊಂಡು ಬಂದ ಹೆಂಡಿ, ಸೋಯಾ ಹೊಟ್ಟು ತಳದಾಗ ಕೊಳೀತಾವ. ಅಲ್ಲಿ ಆಕ್ಸಿಜನ್ ಇರಂಗಿಲ್ಲ. ಅಂಥಾ ಜಾಗದಾಗ ಬದುಕುವ, ಕಣ್ಣಿಗಿ ಕಾಣದ ಜೀವಿಗಳೇ ಮೀಥೇನ್ ಮಾಡ್ತಾವ. ಗೋಬರ್ ಗ್ಯಾಸಿನ ಗುಂಡಿಯೊಳಗ ದುಡಿಯೋದೂ ಇಂಥಾವೇ. ಅಲ್ಲಿ ನಮ್ಮ ಒಲಿ ಉರೀತದ, ಇಲ್ಲಿ ಸುಮ್ನ ಗಾಳಿಗಿ ಹೋಗ್ತದ. ನೂರು ವರ್ಷದ ಲೆಕ್ಕದಾಗ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡೀತದ.

ಕಾರ್ಖಾನಿ ಹೊಗಿ ಬೈಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಿರ್ಣಾದಾಗ ನಮ್ಮ ಕೈಯಾಗ ಇರೋದು ತಿಪ್ಪಿ. ಹೊಂಡಕ್ಕ ನೀರು ಇಳಿಯೋ ಕಡೆ ಅದನ್ನ ಹಾಕಬಾರದು. ಬ್ಯಾಸಗ್ಯಾಗ ಹೂಳು ತೆಗೆದು ಹೊಲಕ್ಕ ಹಾಕ್ರಿ, ತೊಗರಿಗೂ ಛಲೋ.