ಫುಟ್‌ಬಾಲನ್ನು ಮಾರಿಕೊಳ್ಳಿ, ಉಳಿದವರನ್ನು ಬಿಟ್ಟುಬಿಡಿ

ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಸಾಗರದ ಮಗ್ಗುಲಲ್ಲಿ. ಆದರೆ 2024ರಿಂದ ಕ್ರೀಡೆಯ ಮಟ್ಟಿಗೆ ಅವು ‘ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್’ನ ಸದಸ್ಯರು. ‘ಬಿಗ್ ಟೆನ್’ ಎಂಬ ಕಾನ್ಫರೆನ್ಸಿನಲ್ಲಿ ಈಗ 18 ವಿಶ್ವವಿದ್ಯಾಲಯಗಳಿವೆ. ‘ಬಿಗ್ 12’ರಲ್ಲಿ 16. ಭೂಗೋಳವನ್ನೂ ಗಣಿತವನ್ನೂ ಕಲಿಸುವ ಸಂಸ್ಥೆಗಳು ತಮ್ಮ ಬಾಗಿಲಿಗೇ ಇಂಥ ಫಲಕ ತೂಗುಹಾಕಿಕೊಂಡಿರುವುದನ್ನು ನೋಡಿದರೆ ಮೊದಲು ನಗು ಬರುತ್ತದೆ. ಇದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಿಕೊಂಡಾಗ ಆ ನಗು ಉಳಿಯುವುದಿಲ್ಲ.

ಅಮೆರಿಕದ ಕಾಲೇಜು ಕ್ರೀಡೆಯ ಪರಿಚಯವಿಲ್ಲದವರಿಗೆ ಒಂದು ಮಾತು. ನಮ್ಮ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ದಕ್ಷಿಣ ವಲಯ, ಪಶ್ಚಿಮ ವಲಯ ಎಂದು ನಡೆಯುತ್ತವಲ್ಲ, ಸುಮಾರಾಗಿ ಹಾಗೆಯೇ ಅಲ್ಲಿ ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಕ್ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಋತುವಿಡೀ ಪರಸ್ಪರ ಆಡುವುದು, ಒಂದೇ ನಿಯಮಕ್ಕೆ ಒಳಪಡುವುದು, ಟಿವಿಯಿಂದ ಬಂದ ಹಣವನ್ನು ಹಂಚಿಕೊಳ್ಳುವುದು ಇದರ ಕೆಲಸ. ವಲಯಗಳನ್ನು ಮೇಲಿನವರು ಗುರುತಿಸುತ್ತಾರೆ, ಕಾನ್ಫರೆನ್ಸುಗಳನ್ನು ಶಾಲೆಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಹಾಗಾಗಿ ಮುರಿಯುವ ಹಕ್ಕೂ ಅವುಗಳದ್ದೇ.

ಅಮೆರಿಕದ ಪಶ್ಚಿಮ ಕರಾವಳಿಯ ಒಕ್ಕೂಟ ಹುಟ್ಟಿದ್ದು 1915ರ ಡಿಸೆಂಬರಿನಲ್ಲಿ, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ. ಸ್ಥಾಪಕರು ನಾಲ್ವರು: ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್ ಮತ್ತು ಈಗ ಒರೆಗಾನ್ ಸ್ಟೇಟ್ ಎಂದು ಕರೆಸಿಕೊಳ್ಳುವ ಕೃಷಿ ಕಾಲೇಜು. 1917ರಲ್ಲಿ ವಾಷಿಂಗ್ಟನ್ ಸ್ಟೇಟ್ ಸೇರಿತು, ಮರುವರ್ಷ ಸ್ಟ್ಯಾನ್‌ಫರ್ಡ್. ಹೆಸರುಗಳು ಬದಲಾಗುತ್ತ ಬಂದು 2011ರಲ್ಲಿ ಅದು ಪ್ಯಾಕ್-12 ಆಯಿತು. ಶತಮಾನ ದಾಟಿದ ಈ ಒಕ್ಕೂಟ ಕುಸಿಯಲು ಹಿಡಿದದ್ದು ಹದಿನಾಲ್ಕು ತಿಂಗಳು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿ, ತಾವು ಬಿಗ್ ಟೆನ್‌ಗೆ ಹೋಗುತ್ತೇವೆಂದು ಘೋಷಿಸಿದವು. 2023ರ ಜುಲೈನಲ್ಲಿ ಕೊಲರಾಡೊ ಬಿಗ್ 12ಕ್ಕೆ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಶಾಲೆಗಳು ಎದ್ದು ನಡೆದವು: ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ದಡ ಸೇರಿದವು. ಮನೆಯಲ್ಲಿ ಉಳಿದವರು ಇಬ್ಬರೇ: ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್.

ಇವರೇನು ಆಟದಲ್ಲಿ ಸೋತು ಹೊರಬಿದ್ದವರಲ್ಲ. 2022ರ ಫುಟ್‌ಬಾಲ್ ಋತುವಿನಲ್ಲಿ ಒರೆಗಾನ್ ಸ್ಟೇಟ್ ಹತ್ತು ಪಂದ್ಯ ಗೆದ್ದಿತ್ತು, ಅದರಲ್ಲೊಂದು ಒರೆಗಾನ್ ವಿರುದ್ಧವೇ. ಅದರ ಬೇಸ್‌ಬಾಲ್ ತಂಡ 2006, 2007 ಮತ್ತು 2018ರಲ್ಲಿ ರಾಷ್ಟ್ರೀಯ ಚಾಂಪಿಯನ್. ಅವರು ಮಾಡಿದ ತಪ್ಪೆಂದರೆ ಸಣ್ಣ ಊರಿನಲ್ಲಿ ಇದ್ದದ್ದು. ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಗೋಧಿ ಹೊಲಗಳ ನಡುವಿನ ಊರು. ಒರೆಗಾನ್ ಸ್ಟೇಟ್ ಇರುವ ಕೊರ್ವಾಲಿಸ್ ಅದಕ್ಕಿಂತ ತುಸು ದೊಡ್ಡದು. ಎರಡೂ ಸಾಮಾನ್ಯ ಜನರ ಮಕ್ಕಳಿಗೆ ಕೃಷಿ, ತಂತ್ರಜ್ಞಾನ ಕಲಿಸಲೆಂದು ಸರ್ಕಾರಿ ಜಮೀನಿನ ನೆರವಿನಿಂದ ಬೆಳೆದ ಸಂಸ್ಥೆಗಳು. ಟಿವಿ ಕಂಪನಿಗೆ ಬೇಕಾದದ್ದು ಮಹಾನಗರದ ಮನೆಗಳ ಲೆಕ್ಕ. ಪುಲ್‌ಮನ್‌ನಲ್ಲಿ ಅಷ್ಟು ಮನೆಗಳಿಲ್ಲ.

ಒರೆಗಾನ್ ಸ್ಟೇಟ್ ಸುಮಾರು 16 ಕೋಟಿ ಡಾಲರ್ ಸುರಿದು ತನ್ನ ರೀಸರ್ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿಸಿತ್ತು. ಅದು ಮತ್ತೆ ತೆರೆದದ್ದು 2023ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಅಲ್ಲಿಗೆ ಆಡಲು ಬರಬೇಕಿದ್ದ ನೆಂಟರೆಲ್ಲ ಬೇರೆ ಮನೆ ನೋಡಿಕೊಂಡಾಗಿತ್ತು. ಅದೇ ನವೆಂಬರಿನಲ್ಲಿ ತರಬೇತುದಾರ ಜೊನಾಥನ್ ಸ್ಮಿತ್, ಅಲ್ಲೇ ಓದಿ ಅಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರು, ಮಿಷಿಗನ್ ಸ್ಟೇಟ್‌ಗೆ ಹೋದರು. ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ, 2025ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲಿಗನಾದ. ಹೋದವರನ್ನು ದೂರಲಾರೆ. ಮುಳುಗುವ ದೋಣಿಯಲ್ಲಿ ಕೂತಿರು ಎಂದು ಇಪ್ಪತ್ತೆರಡರ ಹುಡುಗನಿಗೆ ಹೇಳುವ ಹಕ್ಕು ದೋಣಿಗೆ ತೂತು ಕೊರೆದವರಿಗೆ ಇಲ್ಲ.

‘ಇದು ಮಾರುಕಟ್ಟೆ, ಯಾರೇನು ಮಾಡಲಾದೀತು’ ಎಂಬುದು ಮೊದಲ ಸಮಜಾಯಿಷಿ. ಮಾರುಕಟ್ಟೆ ಮಳೆಯಂತೆ ಆಕಾಶದಿಂದ ಸುರಿಯುವುದಿಲ್ಲ. 1984ರವರೆಗೆ ಕಾಲೇಜು ಫುಟ್‌ಬಾಲಿನ ಟಿವಿ ಪ್ರಸಾರದ ಮೇಲೆ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಹಿಡಿತವಿತ್ತು. ಒಂದು ತಂಡ ಎಷ್ಟು ಸಲ ಪರದೆಯ ಮೇಲೆ ಬರಬಹುದು ಎಂಬುದಕ್ಕೂ ಮಿತಿಯಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದರ ವಿರುದ್ಧ ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟು 7–2ರ ಬಹುಮತದಿಂದ ಆ ಏಕಸ್ವಾಮ್ಯವನ್ನು ಮುರಿಯಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರವೆಂದು ಅಳೆಯಬಾರದು, ಅದಕ್ಕೆ ಶಿಕ್ಷಣದ ಉದ್ದೇಶವೂ ಇದೆ ಎಂಬುದು ಅವರ ವಾದ. ಆಟ ಗೊತ್ತಿಲ್ಲದವರ ಉಪದೇಶವಲ್ಲ ಇದು. ವೈಟ್ ಸ್ವತಃ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರು. 2023ರ ಬೇಸಿಗೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದುಹೋದದ್ದು ಅವರ ಕೊಲರಾಡೊವೇ.

ಮಾರುಕಟ್ಟೆಯ ಮಾತನ್ನೇ ಒಪ್ಪಿದರೂ ಈ ವ್ಯಾಪಾರಿಗಳು ಜಾಣರೇನಲ್ಲ. 2022ರಲ್ಲಿ ಇಎಸ್‌ಪಿಎನ್ ಶಾಲೆಯೊಂದಕ್ಕೆ ವರ್ಷಕ್ಕೆ 3 ಕೋಟಿ ಡಾಲರ್ ಕೊಡಲು ಮುಂದಾಗಿತ್ತು, ಪ್ಯಾಕ್-12ರ ಅಧ್ಯಕ್ಷರುಗಳು 5 ಕೋಟಿ ಕೇಳಿ ಮಾತು ಮುರಿದರು ಎಂದು ಅಲ್ಲಿನ ಪತ್ರಕರ್ತರು ವರದಿ ಮಾಡಿದ್ದಾರೆ. ಕೊನೆಗೆ ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದದ್ದು ಪೂರ್ತಿ ಪಾಲಿಗಲ್ಲ. ವರದಿಗಳ ಪ್ರಕಾರ ಆರಂಭದಲ್ಲಿ ಸುಮಾರು 3 ಕೋಟಿಗೆ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇನ್ನೂ ಕಡಿಮೆ ಪಾಲಿಗೆ ಕೈಯೊಡ್ಡಿದವು. ಒಟ್ಟಿಗಿದ್ದು ಬೇಡವೆಂದ ಹಣಕ್ಕೆ ಬೇರೆಬೇರೆಯಾಗಿ ಮಾರಿಕೊಂಡರು. ಇದನ್ನು ಮಾಡಿದ್ದು ಯಾವುದೋ ಅಗೋಚರ ಶಕ್ತಿಯಲ್ಲ, ಸಭೆ ಕೂಡಿ ಕೈಯೆತ್ತಿದ ವಿಶ್ವವಿದ್ಯಾಲಯಗಳ ಅಧ್ಯಕ್ಷರು. ಅವರಲ್ಲಿ ಹೆಚ್ಚಿನವರು ಸಾರ್ವಜನಿಕ ಸಂಸ್ಥೆಗಳ ಮುಖ್ಯಸ್ಥರು.

ಇನ್ನು ಬೆಲೆ ತೆರುವವರ ಮಾತು. ಫುಟ್‌ಬಾಲ್ ತಂಡ ಋತುವಿಗೆ ಹನ್ನೆರಡು ಪಂದ್ಯ ಆಡುತ್ತದೆ, ಹೆಚ್ಚಾಗಿ ಶನಿವಾರಗಳಂದು. ಅದರಲ್ಲಿ ಅರ್ಧ ತವರಿನಲ್ಲೇ. ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ದೂರ ಹೆಚ್ಚಾದರೆ ಆ ತಂಡಕ್ಕೆ ಆಗುವ ಕಷ್ಟ ಅತಿ ಕಡಿಮೆ. ಸಾಫ್ಟ್‌ಬಾಲ್, ವಾಲಿಬಾಲ್, ಬೇಸ್‌ಬಾಲ್, ಸಾಕರ್ ಹಾಗಲ್ಲ. ಸಾಫ್ಟ್‌ಬಾಲ್ ತಂಡ ಋತುವೊಂದರಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯ ಆಡುವುದುಂಟು, ವಾರದ ನಡುವೆಯೂ ಆಡಬೇಕು. ಲಾಸ್ ಏಂಜಲಿಸ್‌ನಿಂದ ಬಿಗ್ ಟೆನ್‌ನ ಇನ್ನೊಬ್ಬ ಸದಸ್ಯ, ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 4 ಸಾವಿರ ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗಿ ವಾಪಸ್ ಬಂದರೂ ಅಷ್ಟು ದೂರವಾಗುವುದಿಲ್ಲ. ಜೊತೆಗೆ ಮೂರು ಗಂಟೆಯ ಕಾಲವ್ಯತ್ಯಾಸ. ಸೋಮವಾರ ಬೆಳಿಗ್ಗೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇರಬೇಕಾದ ಹುಡುಗಿ ಇನ್ನೂ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾಳೆ. ಅವಳ ಆಟಕ್ಕೆ ಟಿವಿಯವರು ಕೊಟ್ಟ ಬೆಲೆ ಎಷ್ಟು? ಯಾರೂ ಕೇಳಲೇ ಇಲ್ಲ. ಫುಟ್‌ಬಾಲಿನ ಗಂಟಿನ ಜೊತೆ ಅವಳನ್ನೂ ಕಟ್ಟಿ ಕಳಿಸಿದರು.

‘ಫುಟ್‌ಬಾಲಿನ ಹಣದಿಂದಲೇ ಉಳಿದ ಆಟಗಳು ನಡೆಯುವುದು’ ಎಂಬುದು ಎರಡನೆಯ ಸಮಜಾಯಿಷಿ. ಬಹುಮಟ್ಟಿಗೆ ನಿಜ. ಆದರೆ ಆ ವಾದ ನಿಜವಾಗಿದ್ದ ಕಡೆಯೇ ಅದು ಎಷ್ಟು ಕ್ರೂರ ಎಂಬುದೂ ಕಾಣುತ್ತದೆ. 2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್ ವಿಭಾಗದಲ್ಲಿ ಜಿಗಿತ ಮತ್ತು ಎಸೆತದ ಸ್ಪರ್ಧೆಗಳನ್ನೆಲ್ಲ ಕೈಬಿಟ್ಟು, ದೂರದ ಓಟಕ್ಕೆ ಮಾತ್ರ ಒತ್ತು ಕೊಡುವುದಾಗಿ ಘೋಷಿಸಿತು. ಆ ಕ್ರೀಡಾ ವಿಭಾಗಕ್ಕೆ ಮೊದಲೂ ಸಾಲವಿತ್ತು, ಎಲ್ಲವನ್ನೂ ಒಕ್ಕೂಟದ ಕುಸಿತದ ತಲೆಗೆ ಕಟ್ಟಲಾಗದು. ಆದರೆ ಸಾಲಗಾರನ ವರಮಾನವನ್ನೇ ಕಿತ್ತುಕೊಂಡರೆ ಅವನು ಮೊದಲು ಮಾರುವುದು ಮನೆಯ ದುರ್ಬಲರ ಪಾಲನ್ನೇ.

ಜಿಗಿತ ಎಂದರೆ ಸಣ್ಣ ವಿಷಯ ಎನ್ನುವವರು ಡಿಕ್ ಫಾಸ್ಬರಿಯನ್ನು ನೆನೆಯಲಿ. ಒರೆಗಾನ್ ಸ್ಟೇಟ್‌ನ ವಿದ್ಯಾರ್ಥಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬೆನ್ನು ಕೆಳಗೆ ಮಾಡಿ 2.24 ಮೀಟರ್ ಜಿಗಿದು ಚಿನ್ನ ಗೆದ್ದ. ಇವತ್ತು ಜಗತ್ತಿನ ಎತ್ತರ ಜಿಗಿತಗಾರರು ಜಿಗಿಯುವುದು ಅವನ ಶೈಲಿಯಲ್ಲೇ. ನಮ್ಮ ತೇಜಸ್ವಿನ್ ಶಂಕರ್ ಅದೇ ಶೈಲಿಯಲ್ಲಿ ಜಿಗಿದು, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 2018 ಮತ್ತು 2022ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ಟಿವಿ ಗುತ್ತಿಗೆಯ ತಕ್ಕಡಿಯಲ್ಲಿ ಫಾಸ್ಬರಿಗೂ ತೂಕವಿಲ್ಲ, ತೇಜಸ್ವಿನ್‌ಗೂ ಇಲ್ಲ. ದೂರದ ದೇಶದ ಈ ಜಗಳ ನಮಗೇಕೆ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ‘ಹಳೆಯ ಪದ್ಧತಿಯೇನು ಸತ್ಯಯುಗವೇ? ಆಟಗಾರರನ್ನು ಪುಕ್ಕಟೆ ದುಡಿಸಿಕೊಂಡು ತರಬೇತುದಾರರು ಕೋಟಿ ಎಣಿಸಿದ ಕಾಲವಲ್ಲವೇ ಅದು?’ ಹೌದು, ಆ ಅನ್ಯಾಯವನ್ನು ನಾನು ಹಾತೊರೆಯುತ್ತಿಲ್ಲ. 2025ರ ಜೂನ್ 6ರಂದು ಕೋರ್ಟು ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯವೊಂದು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಅದು ಅವರ ದುಡಿಮೆಯ ಪಾಲು, ಸಿಗಲೇಬೇಕು. ಆದರೆ ಪ್ಯಾಕ್-12 ಮುರಿದದ್ದು ಅದಕ್ಕೂ ಎರಡು ವರ್ಷ ಮೊದಲು. ಆಟಗಾರರ ಕೂಲಿಯನ್ನು ತೋರಿಸಿ ಒಕ್ಕೂಟದ ಕೊಲೆಯನ್ನು ಸಮರ್ಥಿಸಬೇಡಿ.

ಒಕ್ಕೂಟಗಳು ಹಿಂದೆಯೂ ಒಡೆದಿವೆ ಎನ್ನುವುದೂ ನಿಜ. 1959ರಲ್ಲಿ ಇದೇ ಪಶ್ಚಿಮ ಕರಾವಳಿಯ ಒಕ್ಕೂಟ ವಿಸರ್ಜನೆಯಾದಾಗ, ಹೊಸ ಕೂಟದಿಂದ ಹೊರಗುಳಿದವರಲ್ಲಿ ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಇದ್ದವು. ಆದರೆ 1962ರಲ್ಲಿ ಒಂದು, 1964ರಲ್ಲಿ ಇನ್ನೊಂದು ಮತ್ತೆ ಒಳಗೆ ಬಂದವು. ನೆರೆಯವರ ಜೊತೆ ಆಡುವುದು ಎಲ್ಲರಿಗೂ ಅಗ್ಗ, ಎಲ್ಲರಿಗೂ ಸುಲಭ. ಅಂದಿನ ಒಡಕು ಕೂಡಿಕೊಂಡದ್ದಕ್ಕೆ ಭೂಗೋಳದ ನೆರವಿತ್ತು. ಇಂದಿನ ಒಡಕಿನಲ್ಲಿ ಭೂಗೋಳವನ್ನೇ ಕಸಕ್ಕೆ ಹಾಕಲಾಗಿದೆ.

ಹಾಗೆಂದು ಉಳಿದ ಇಬ್ಬರನ್ನು ಹುತಾತ್ಮರೆನ್ನಲೂ ಮನಸ್ಸು ಬಾರದು. ಕೋರ್ಟಿನಲ್ಲಿ ಹೋರಾಡಿ ಪ್ಯಾಕ್-12ರ ಹೆಸರನ್ನೂ ಆಸ್ತಿಯನ್ನೂ ಉಳಿಸಿಕೊಂಡರು, ಅದು ನ್ಯಾಯ. 2024ರಲ್ಲಿ ಆಡಲು ಎದುರಾಳಿಗಳಿಲ್ಲದಾಗ ಕೈಹಿಡಿದದ್ದು ಮೌಂಟನ್ ವೆಸ್ಟ್ ಕಾನ್ಫರೆನ್ಸ್. ನಮ್ಮ ಸದಸ್ಯರನ್ನು ಸೆಳೆದುಕೊಂಡರೆ ದಂಡ ಕೊಡಬೇಕು ಎಂಬ ಷರತ್ತಿಗೆ ಇವರು ಸಹಿ ಹಾಕಿದ್ದರು. ಅದೇ ಸೆಪ್ಟೆಂಬರಿನಲ್ಲಿ ಬೊಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್, ಐದನ್ನೂ ಅಲ್ಲಿಂದ ಕರೆದುಕೊಂಡರು. ಆಮೇಲೆ, ಆ ದಂಡದ ಷರತ್ತೇ ಕಾನೂನುಬಾಹಿರ ಎಂದು ಕೋರ್ಟಿಗೆ ಹೋದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತಮಗೆ ಆದದ್ದು ಅನ್ಯಾಯವೆಂದು ಊರೆಲ್ಲ ಕೂಗಿದವರು ಒಂದೇ ವರ್ಷದಲ್ಲಿ ಅದನ್ನೇ ಇನ್ನೊಬ್ಬರಿಗೆ ಮಾಡಿದರು. ಮನುಷ್ಯರ ದುಷ್ಟತನಕ್ಕಿಂತ ಇಲ್ಲಿ ವ್ಯವಸ್ಥೆಯ ಲಕ್ಷಣ ಕಾಣುತ್ತದೆ: ಫುಟ್‌ಬಾಲಿನ ಟಿವಿ ಬೆಲೆಯೇ ಎಲ್ಲ ಆಟಗಳ ಹಣೆಬರಹ ಬರೆಯುವವರೆಗೆ ಇಲ್ಲಿ ಕಚ್ಚುವವರು, ಕಚ್ಚಿಸಿಕೊಳ್ಳುವವರು ಇಬ್ಬರೇ ಇರುತ್ತಾರೆ.

ಆದ್ದರಿಂದ ನನ್ನ ವಾದ ಇಷ್ಟು. ಫುಟ್‌ಬಾಲ್ ಮನರಂಜನೆಯ ಉದ್ಯಮವಾಗಿದೆ. ಅದು ಹಾಗೆಯೇ ನಡೆಯಲಿ. ಅದಕ್ಕೊಂದು ಪ್ರತ್ಯೇಕ ಲೀಗ್ ಇರಲಿ, ಆಟಗಾರರಿಗೆ ಸಂಬಳ ಇರಲಿ, ರಟ್ಗರ್ಸ್ ಬೇಕಾದರೆ ಪ್ರತಿ ವರ್ಷ ಲಾಸ್ ಏಂಜಲಿಸ್‌ಗೆ ಹಾರಲಿ. ಉಳಿದ ಆಟಗಳನ್ನು ಅದರಿಂದ ಬಿಡಿಸಿ, ನೆರೆಹೊರೆಯ ಒಕ್ಕೂಟಗಳಿಗೆ ಹಿಂದಿರುಗಿಸಿ. ಫುಟ್‌ಬಾಲ್ ತಂದ ಹಣದಲ್ಲಿ ಅವುಗಳ ಪಾಲನ್ನು ನಿಯಮ ಮಾಡಿ ತೆಗೆದಿಡಿ. ಪ್ರತಿ ತಂಡ ಪ್ರಯಾಣಕ್ಕಾಗಿ ತಪ್ಪಿಸಿಕೊಂಡ ತರಗತಿಯ ದಿನಗಳೆಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಕ್ಯಾಲಿಫೋರ್ನಿಯಾದಲ್ಲಿ ಯುಸಿಎಲ್‌ಎ ತಾನು ಬಿಟ್ಟುಹೋದ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಎರಡರ ಆಡಳಿತವನ್ನೂ ನೋಡುವ ಮಂಡಳಿ 2024ರಲ್ಲಿ ನಿರ್ಧರಿಸಿತು. ಒಬ್ಬರ ಲಾಭ ಇನ್ನೊಬ್ಬರ ನಷ್ಟ ಎಂದು ಒಂದು ಸಾರ್ವಜನಿಕ ಸಂಸ್ಥೆ ಲಿಖಿತವಾಗಿ ಒಪ್ಪಿಕೊಂಡಾಗ, ‘ಯಾರೇನು ಮಾಡಲಾದೀತು’ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಇದು ಕನಸಿನ ಮಾತಲ್ಲ ಎನ್ನಲು ಹೊಸ ಪ್ಯಾಕ್-12ರಲ್ಲೇ ಒಂದು ಗುರುತಿದೆ. 2026ರಿಂದ ಅದಕ್ಕೆ ಸೇರುವವರಲ್ಲಿ ಗೊಂಜಾಗ ಎಂಬ ವಿಶ್ವವಿದ್ಯಾಲಯವೂ ಒಂದು. ಅದಕ್ಕೆ ಫುಟ್‌ಬಾಲ್ ತಂಡವೇ ಇಲ್ಲ. ಬಾಸ್ಕೆಟ್‌ಬಾಲಿನಿಂದ ಹೆಸರಾದ ಶಾಲೆ. ಅದಿರುವ ಸ್ಪೋಕೇನ್ ನಗರಕ್ಕೂ ಪುಲ್‌ಮನ್‌ಗೂ ನಡುವೆ ಸುಮಾರು 120 ಕಿಲೋಮೀಟರ್. ಮಧ್ಯಾಹ್ನ ತರಗತಿ ಮುಗಿಸಿ ಬಸ್ಸು ಹತ್ತಿದ ವಾಲಿಬಾಲ್ ಹುಡುಗಿಯರು ಸಂಜೆ ಪಂದ್ಯವಾಡಿ, ರಾತ್ರಿ ತಮ್ಮ ಹಾಸಿಗೆಯಲ್ಲೇ ಮಲಗಬಹುದು. ಮರುದಿನ ಬೆಳಗಿನ ತರಗತಿ ಅವರಿಗೆ ತಪ್ಪುವುದಿಲ್ಲ.