ಚಾಂದ್‌ಬೀಬಿಯ ಲೆಕ್ಕಾಚಾರ

ಚಾಂದ್‌ಬೀಬಿಯ ಹೆಸರು ಬಂದಾಗಲೆಲ್ಲ ನಮ್ಮ ಭಾಷಣಕಾರರು ಆಕೆಯ ತವರಾದ ಅಹಮದ್‌ನಗರದ ಕುಸಿದ ಕೋಟೆಗೋಡೆಯ ಮುಂದೆ ಆಕೆಯನ್ನು ನಿಲ್ಲಿಸಿ ಮಾತು ಮುಗಿಸುತ್ತಾರೆ. ಮೈಮೇಲೆ ಕವಚ, ಮುಖಕ್ಕೆ ಮುಸುಕು, ಕೈಯಲ್ಲಿ ಬಿಚ್ಚುಗತ್ತಿ. ಅಲ್ಲಿಂದ ಮುಂದಿನದನ್ನು ಯಾರೂ ಹೇಳುವುದಿಲ್ಲ. ಆಕೆಯ ನಿಜವಾದ ಬಲವಿದ್ದದ್ದು ಆ ಮುಂದಿನದರಲ್ಲಿ.

ಮೊಗಲ್ ರಾಜಕುಮಾರ ಮುರಾದನ ಪಡೆ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿತ್ತು. ಸುಳಿವು ಮೊದಲೇ ಸಿಕ್ಕಿದ್ದರಿಂದ ಕೆಲವನ್ನು ಒಳಗಿನವರು ಅಗೆದು ಕೆಡಿಸಿದರು. ಒಂದು ಸಿಡಿಯಿತು. ಗೋಡೆ ಬಿದ್ದಲ್ಲಿ ಆಕೆಯೇ ನಿಂತು ಸಂಜೆಯವರೆಗೆ ಶತ್ರುವನ್ನು ತಡೆದಳು. ರಾತ್ರಿಯಲ್ಲೇ ಗೋಡೆ ಕಟ್ಟಿಸಿದಳು. ಬಿಜಾಪುರ, ಗೋಲ್ಕೊಂಡಗಳ ಸೇನೆ ನೆರವಿಗೆ ಹೊರಟಿತ್ತು. ಆದರೆ ಅಹಮದ್‌ನಗರದ ಸರದಾರರಲ್ಲಿ ಒಗ್ಗಟ್ಟಿರಲಿಲ್ಲ. ಮೊಗಲರು ದಣಿದಿದ್ದರು. ಆ ಗಳಿಗೆ ನೋಡಿ ಆಕೆ ಸಂಧಾನಕ್ಕೆ ಕೂತಳು. 1596ರಲ್ಲಿ ಬೇರಾರ್ ಬಿಟ್ಟುಕೊಟ್ಟು, ಅಹಮದ್‌ನಗರವನ್ನೂ ಅಲ್ಲಿಯ ಬಾಲಕ ಸುಲ್ತಾನ ಬಹಾದೂರ್ ಶಾಹನ ಗಾದಿಯನ್ನೂ ಉಳಿಸಿಕೊಂಡಳು. ಈ ತಾಳ್ಮೆ ಒಂದು ದಿನದಲ್ಲಿ ಬಂದದ್ದಲ್ಲ. ಗಂಡ, ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹ 1580ರಲ್ಲಿ ಕೊಲೆಯಾದ ಮೇಲೆ ಗಾದಿಗೆ ಬಂದ ಒಂಬತ್ತರ ಬಾಲಕ ಇಬ್ರಾಹಿಮನ ಪರವಾಗಿ ಬಿಜಾಪುರ ಆಳಿದವಳು, ತನ್ನದೇ ದರಬಾರಿನ ಸಂಚಿನಿಂದ ಸಾತಾರೆಯ ಕೋಟೆಯಲ್ಲಿ ಸೆರೆಯಿದ್ದು ಮರಳಿದವಳು ಆಕೆ.

1600ರಲ್ಲಿ ಮೊಗಲ್ ರಾಜಕುಮಾರ ದಾನಿಯಾಲ್ ಅಹಮದ್‌ನಗರವನ್ನು ಮುತ್ತಿದಾಗಲೂ ಅದೇ ಲೆಕ್ಕ ಹಾಕಿದಳು. ಕೋಟೆ ನಿಲ್ಲದು, ಒಪ್ಪಿಸಿ, ಹುಡುಗ ಬಹಾದೂರನೊಂದಿಗೆ ಜುನ್ನರಕ್ಕೆ ಹೋಗಬೇಕು. ಅದನ್ನು ದ್ರೋಹವೆಂದು ಸಾರಿ ಅವಳದೇ ಜನ ಅವಳನ್ನು ಕೊಂದರು. ಕೋಟೆ ಬಿತ್ತು. ಹುಡುಗ ಗ್ವಾಲಿಯರ್‌ನ ಸೆರೆಗೆ ಹೋದ. ಆಕೆ ಕಂಡದ್ದು ಸರಿಯಿತ್ತು. ಹೋರಾಡುವ ಹೆಣ್ಣಿನ ಆವೇಶವನ್ನು ಹೊಗಳಿ, ಅವಳ ವಿವೇಚನೆಯನ್ನು ಶಂಕಿಸುವುದು ಅನ್ಯಾಯ.

ಸೊಲ್ಲಾಪುರಕ್ಕೆ ಆಕೆ ಹೊರಗಿನವಳಲ್ಲ. ಇಲ್ಲಿಯ ಕೋಟೆ ಆಕೆಯ ಮದುವೆಯಲ್ಲಿ ಬಿಜಾಪುರಕ್ಕೆ ಬಳುವಳಿಯಾಗಿ ಬಂದದ್ದು. ಕನ್ನಡ, ಮರಾಠಿ ಎರಡನ್ನೂ ಬಲ್ಲವಳೆಂದು ಆಕೆಗೆ ಹೆಸರಿದೆ. ಇಂದು ಹೆಣ್ಣುಮಕ್ಕಳಿಗೆ ಸೇನೆಯ ದಾರಿಯೂ ತೆರೆದಿದೆ: 2025ರ ಮೇ 30ರಂದು ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಯುವತಿಯರ ಮೊದಲ ತಂಡ, 17 ಮಂದಿ, ಹೊರಬಂದಿದೆ. ಆ ದಾರಿ ಹಿಡಿಯಬಯಸುವ ಹುಡುಗಿಯರು ಸೊಲ್ಲಾಪುರ, ಅಕ್ಕಲಕೋಟೆಗಳ ಶಾಲೆಗಳಲ್ಲೂ ಇದ್ದಾರು. ಅವರಿಗೆ ಚಾಂದ್‌ಬೀಬಿಯ ಕಥೆ ಹೇಳುವ ಶಿಕ್ಷಕರು ಕತ್ತಿಯ ಜೊತೆಗೆ ಬೇರಾರ್ ಒಪ್ಪಂದವನ್ನೂ, ಜುನ್ನರಕ್ಕೆ ಹೋಗುವ ಯೋಚನೆಯನ್ನೂ ಹೇಳಬೇಕು.