‘ಧಾರವಾಡಕ್ಕ ಕಳಸ್ರಿ’ ಅನ್ನೋ ಮೊದಲ: ಮನೋವೈದ್ಯರು ಕಲಿಯಬೇಕಾದ ಕೈಕೆಲಸ

ಹುಬ್ಬಳ್ಳಿ, ಗೋಕುಲ ರಸ್ತೆ: ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತ ಚೇಷ್ಟೆ ಮಾಡೂದು ನಮ್ಮ ಕಡೆ ಹೊಸದೇನಲ್ಲ. ಆ ಚೇಷ್ಟೆಗೆ ಕಾರಣವಾದ ಬೆಳಗಾವಿ ರಸ್ತೆಯ ಆಸ್ಪತ್ರೆ 1845ರಷ್ಟು ಹಳೆಯದು. ಈಗಿನ ಹೆಸರು ಡಿಮ್ಹಾನ್ಸ್. ಅಲ್ಲಿ ರೋಗಿಗಳ ಜೊತೆ ವಿದ್ಯಾರ್ಥಿಗಳೂ ಇದ್ದಾರೆ. ಎಂಬಿಬಿಎಸ್ ಮುಗಿಸಿ ಮೂರು ವರ್ಷ ಎಂಡಿ ಓದುವ ಮನೋವೈದ್ಯರು. ನಾಳೆ ಕಲಘಟಗಿಗೋ ನವಲಗುಂದಕ್ಕೋ ಬರಬೇಕಾದವರು ಇವರೇ.

ಇವರಿಗೆ ಕೈಕೆಲಸ ಏನಿರತೈತಿ, ಮಾತಾಡಿಸಿ ಗುಳಿಗೆ ಬರೆದರೆ ಮುಗೀತು ಅನ್ನೋದು ಜನರ ಲೆಕ್ಕ. ಇಲ್ಲಾಂದ್ರ ಸಿನಿಮಾದಾಗ ತೋರಿಸಿದಂಗ ಕರೆಂಟ್ ಕೊಡೂದು.

ಕರೆಂಟ್ ವಿಷಯ ಮೊದಲು ಮುಗಿಸೋಣ. 1938ರಲ್ಲಿ ರೋಮ್‌ನಲ್ಲಿ ಶುರುವಾದ ಇಸಿಟಿ ಈಗ ಸಿನಿಮಾದ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಎರಡೂ ಇಲ್ಲದೆ ಕೊಡುವಂತಿಲ್ಲ. ತುರ್ತು ಚಿಕಿತ್ಸೆ ಅಂತ ಹೇಳಿಯೂ ಕೊಡುವಂತಿಲ್ಲ. ಖಾಲಿ ಹೊಟ್ಟೆ ನೋಡಬೇಕು, ಹಲ್ಲಿನ ಮಧ್ಯ ಪ್ಯಾಡ್ ಇಡಬೇಕು, ಆಮ್ಲಜನಕ ಕೊಡಬೇಕು, ಫಿಟ್ಸ್ ಎಷ್ಟು ಸೆಕೆಂಡ್ ಬಂತು ಅಂತ ಬರೆಯಬೇಕು. ತೀವ್ರ ಖಿನ್ನತೆಯಲ್ಲಿ ಅನ್ನ ನೀರು ಬಿಟ್ಟವರನ್ನು ಇದು ಉಳಿಸುತ್ತದೆ. ಕೆಲವರಿಗೆ ಸ್ವಲ್ಪ ಮರೆವು ಬರುತ್ತದೆ, ಅದನ್ನೂ ಸಹಿ ಹಾಕುವ ಮನೆಯವರಿಗೆ ಹೇಳಲೇಬೇಕು. ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು ಪಕ್ಕದಲ್ಲೇ ಇರುವುದರಿಂದ ಇದನ್ನ ಕಲಿಯೋದು ಕಷ್ಟವಲ್ಲ.

ತಾಲೂಕಿನ ತೊಂದರೆ ಬೇರೆ. ರಾತ್ರಿ ಹನ್ನೊಂದಕ್ಕೆ ಒಬ್ಬನ ಕೈಕಾಲು ಹಗ್ಗದಿಂದ ಕಟ್ಟಿ ಟಂಟಂನಲ್ಲಿ ತಂದರು ಅನ್ರಿ. ಡ್ಯೂಟಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸ್. ಅವನಿಗೆ ಹುಚ್ಚು ಹಿಡಿದಿದೆಯೋ, ಮೂರು ದಿನದ ಹಿಂದೆ ದಿಢೀರ್ ಕುಡಿತ ಬಿಟ್ಟಿದ್ದಕ್ಕೆ ಹೀಗಾಗಿದೆಯೋ? ಎರಡನೆಯದಾದರೆ ಜೀವಕ್ಕೇ ಅಪಾಯ. ಗ್ಲೂಕೋಸ್ ಬಾಟಲಿ ಹಚ್ಚೂ ಮೊದಲ ಥಯಾಮಿನ್ ಇಂಜೆಕ್ಷನ್ ಹೋಗಬೇಕು. ನಿದ್ದಿ ಇಂಜೆಕ್ಷನ್ ಕೊಟ್ಟರೆ ಉಸಿರಾಟ ನೋಡ್ತಾ ಕೂಡಬೇಕು. ಹ್ಯಾಲೊಪೆರಿಡಾಲ್ ಕೊಟ್ಟ ಮೇಲೆ ಕೆಲವರ ಕುತ್ತಿಗೆ ಒಂದು ಕಡೆ ತಿರುಚಿ, ಕಣ್ಣು ಮೇಲೆ ಹೋಗುತ್ತವೆ. ಮನೆಯವರು ದೆವ್ವ ಅಂತಾರೆ, ಇಲ್ಲಾ ಡಾಕ್ಟರ್ ತಪ್ಪು ಔಷಧ ಕೊಟ್ಟ ಅಂತ ಜಗಳಕ್ಕೆ ನಿಲ್ಲತಾರೆ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಗೊತ್ತಿರಬೇಕಷ್ಟೇ.

ಹಿಡಿಯೋದೂ ಒಂದು ವಿದ್ಯೆ. ಎದೆ ಮೇಲೆ ಕೂಡಬಾರದು, ಬೋರಲು ಹಾಕಿ ಒತ್ತಬಾರದು. ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಬೇರೆ ದಾರಿ ಇಲ್ಲದಾಗ ಮಾತ್ರ, ಅಗತ್ಯ ಇರುವಷ್ಟು ಹೊತ್ತು ಹಿಡಿದಿಡಬಹುದು, ಅದೂ ದಾಖಲೆಯಲ್ಲಿ ಬರೆದು. ಮನೋವೈದ್ಯರೇ ಬರಲಿ ಅಂತ ಕಾಯಬೇಕಿಲ್ಲ: ತುರ್ತು ಇದ್ದರೆ ನೋಂದಾಯಿತ ವೈದ್ಯರು ಯಾರಾದರೂ ಮನೆಯವರ ಒಪ್ಪಿಗೆ ಇದ್ದರೆ 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು. ಆದರೂ ‘ಧಾರವಾಡಕ್ಕ ಒಯ್ರಿ’ ಅನ್ನೋದೇ ಸುಲಭ.

ಎಂಡಿ ವಿದ್ಯಾರ್ಥಿಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಮೂರು ತಿಂಗಳು ಕೆಲಸ ಮಾಡಲೇಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮವಿದೆ. ನನ್ನ ಪ್ರಕಾರ ಆ ಮೂರು ತಿಂಗಳು ಬರೀ ಹಗಲಿನ ಓಪಿಡಿಯಲ್ಲಿ ಕಳೆದರೆ ದಂಡ. ರಾತ್ರಿ ಕ್ಯಾಶುವಲ್ಟಿಯಲ್ಲಿ ಎಷ್ಟು ಮಂದಿಯನ್ನ ಸುರಕ್ಷಿತವಾಗಿ ಶಾಂತ ಮಾಡಿದರು, ಅಲ್ಲಿನ ಎಂಬಿಬಿಎಸ್ ಡಾಕ್ಟರು, ನರ್ಸುಗಳಿಗೆ ಎಷ್ಟು ಕಲಿಸಿಕೊಟ್ಟರು ಅನ್ನೋದು ಲಾಗ್‌ಬುಕ್‌ನಲ್ಲಿ ಲೆಕ್ಕಕ್ಕೆ ಬರಲಿ. ಡಿಮ್ಹಾನ್ಸ್, ಕಿಮ್ಸ್ ನಮ್ಮಲ್ಲೇ ಇರುವಾಗ ಕುಂದಗೋಳದವರು ಹಗ್ಗ ಹಿಡಿದು ಗೋಕುಲ ರಸ್ತೆ ದಾಟಿ ಧಾರವಾಡಕ್ಕೆ ಓಡುವುದು ಯಾಕೆ?

ಅಂಥ ಪ್ರಸಂಗ ಬಂದರೆ ಮೂರು ಮಾತು ಮೊದಲು ಡಾಕ್ಟರಿಗೆ ಹೇಳ್ರಿ: ಕೊನೆಗೆ ಕುಡಿದದ್ದು ಯಾವಾಗ, ಯಾವ ಗುಳಿಗೆ ನಡೆದಿದೆ, ತಲೆಗೆ ಪೆಟ್ಟು ಬಿದ್ದಿತ್ತಾ. ಆಂಬುಲೆನ್ಸ್‌ಗೆ 108. ಮಾತಾಡಿ ಸಲಹೆ ಕೇಳಲು ಟೆಲಿ ಮಾನಸ್ 14416, ದಿನದ 24 ತಾಸೂ ಉಚಿತ.